ಫೈರ್‌ವಾಲ್‌ಗೆ ನಾನು ಕೊಟ್ಟ ರಜೆ

ಕಂಪ್ಯೂಟರ್ ವಿಷಯದಲ್ಲಿ ನನ್ನನ್ನು ಯಾರೂ ದಡ್ಡ ಎನ್ನುವಂತಿರಲಿಲ್ಲ. ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಯಾರ ಮನೆಯ ವೈಫೈ ನಿಂತರೂ ನನಗೇ ಫೋನು ಬರುತ್ತಿತ್ತು. ನಾನು ಹೋಗಿ ಡಬ್ಬಿಯ ಸ್ವಿಚ್ ಆರಿಸಿ, ಗಂಭೀರವಾಗಿ ಹತ್ತು ಎಣಿಸಿ, ಮತ್ತೆ ಹಾಕುತ್ತಿದ್ದೆ. ಸಾಮಾನ್ಯವಾಗಿ ಸರಿಹೋಗುತ್ತಿತ್ತು. ಸರಿಹೋಗದಿದ್ದರೆ "ಇದು ಕಂಪನಿಯವರದೇ ತೊಂದರೆ" ಎಂದು ತೀರ್ಪು ಕೊಟ್ಟು, ಅವರು ಕೊಟ್ಟ ಕಾಫಿ ಕುಡಿದು ಬರುತ್ತಿದ್ದೆ. ಇಷ್ಟು ವಿದ್ಯೆ ಇಟ್ಟುಕೊಂಡು ಒಂದು ಕಾರ್ಖಾನೆಯನ್ನೇ ನೋಡಿಕೊಳ್ಳಬಹುದು ಎಂದು ನಾನು ನಂಬಿದ್ದೆ. ನಾನು ನಂಬಿದ್ದರಿಂದ ಯಾರಿಗೂ ನಷ್ಟವಿರಲಿಲ್ಲ. ಕಾರ್ಖಾನೆಯವರೂ ನಂಬಿದ್ದು ಅನಾಹುತವಾಯಿತು.

ಆ ಕಾರ್ಖಾನೆ ಕೋಲಾರಕ್ಕೂ ಮುಳಬಾಗಿಲಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವು, ಉಳಿದ ಕಾಲದಲ್ಲಿ ಟೊಮೆಟೊ. ಎರಡನ್ನೂ ಅರೆದು, ಕಾಯಿಸಿ, ತಿರುಳನ್ನು ದೊಡ್ಡ ಚೀಲಗಳಿಗೆ ತುಂಬಿ, ಚೀಲಗಳನ್ನು ಡ್ರಮ್ಮಿನಲ್ಲಿಟ್ಟು ಕಳಿಸುತ್ತೇವೆ. ನಾನು ಅಲ್ಲಿ ಆಡಳಿತಾಧಿಕಾರಿ. ಅಂದರೆ ಹಾಜರಿ ಪುಸ್ತಕ, ಬೀಗದ ಕೈ, ಕುಡಿಯುವ ನೀರು, ಉರಿಯದ ಬಲ್ಬು, ಇವೆಲ್ಲ ನನ್ನ ಇಲಾಖೆ. ದೇವರೂ ನನ್ನ ಇಲಾಖೆಯೇ. ನಮ್ಮದು ಪೌರೋಹಿತ್ಯದ ಮನೆತನವಾದ್ದರಿಂದ ಪ್ರತಿವರ್ಷ ಆಯುಧಪೂಜೆಗೆ ಹೊರಗಿನಿಂದ ಪುರೋಹಿತರನ್ನು ಕರೆಸುವ ಪದ್ಧತಿಯಿಲ್ಲ. ನನಗೆ ಮಂತ್ರ ಅರ್ಧ ಬರುತ್ತದೆ. ಉಳಿದರ್ಧಕ್ಕೆ ಗಂಟೆ ಬಾರಿಸುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಮಾಲೀಕರು ರಾಮಚಂದ್ರಪ್ಪನವರು ಕಾರ್ಖಾನೆಯನ್ನು ಸ್ಮಾರ್ಟ್ ಮಾಡಿದರು. ಮೊದಲು ಒಂದೊಂದು ಯಂತ್ರದ ಮುಂದೆ ಒಬ್ಬೊಬ್ಬರು ನಿಂತು ಮುಳ್ಳು ನೋಡಿ ಚಕ್ರ ತಿರುಗಿಸುತ್ತಿದ್ದರು. ಈಗ ಯಂತ್ರಗಳೆಲ್ಲ ತಂತಿಯಲ್ಲಿ ಒಂದಕ್ಕೊಂದು ಸೇರಿಕೊಂಡವು. ಕಂಟ್ರೋಲ್ ರೂಮಿನ ಪರದೆಯ ಮುಂದೆ ಕೂತು ಬೆರಳಲ್ಲಿ ಒತ್ತಿದರೆ ಆಚೆ ಬಿಸಿ ಏರುತ್ತದೆ, ಇಳಿಯುತ್ತದೆ. ಇದನ್ನೆಲ್ಲ ಜೋಡಿಸಿದವನು ಕೋಲಾರದ ಇಮ್ರಾನ್ ಎಂಬ ಇಂಜಿನಿಯರ್. ಕೊನೆಗೆ ಅವನು ಕಂಟ್ರೋಲ್ ರೂಮಿನ ಮೂಲೆಯಲ್ಲಿ, ಪಂಚಾಂಗದಷ್ಟು ದಪ್ಪದ ಒಂದು ಕಪ್ಪು ಪೆಟ್ಟಿಗೆ ಇಟ್ಟು ನನ್ನನ್ನು ಕರೆದ.

"ಸಾರ್, ಇದು ಫೈರ್‌ವಾಲ್. ಆ ಕಡೆ ಇಂಟರ್ನೆಟ್ಟು, ಈ ಕಡೆ ನಿಮ್ಮ ಮೆಷಿನ್ನು. ಮಧ್ಯ ಇದೊಂದೇ ಬಾಗ್ಲು. ಹೊರಗಿಂದ ಯಾರೇ ಬಂದ್ರೂ ಇದು ತಡೀತದೆ. ಇದನ್ನ ಯಾವತ್ತೂ ಆಫ್ ಮಾಡ್ಬಾರ್ದು. ಇದನ್ನ ಬಿಟ್ಟು ಬೇರೆ ತಂತಿ ಎಳೀಬಾರ್ದು. ಅಷ್ಟೇ."

"ಅಷ್ಟೇ ತಾನೇ," ಎಂದೆ ನಾನು. ಬೀದಿಗೆಲ್ಲ ವೈಫೈ ಸರಿಮಾಡುವವನಿಗೆ ಈ ಪಾಠ ಬೇಕಿತ್ತೇ ಎಂದು ಮನಸ್ಸಿನಲ್ಲೇ ನಕ್ಕೆ. ಅವನು ಹೇಳಿದ್ದು ಎರಡೇ ಎರಡು ಮಾತು. ಮುಂದೆ ನಾನು ಒಂದೇ ಬೆಳಿಗ್ಗೆ ಎರಡನ್ನೂ ಮೀರಿದೆ.

ಆ ಪರದೆಯ ಮುಂದೆ ಕೂರುತ್ತಿದ್ದವಳು ನಾಗವೇಣಿ. ಸುಗಟೂರಿನ ಹುಡುಗಿ. ದಿನವೂ ಕೋಲಾರಕ್ಕೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದಳು. ತಿರುಳನ್ನು ಕಾಯಿಸಿ ಕ್ರಿಮಿ ಸಾಯಿಸುವ ದೊಡ್ಡ ಯಂತ್ರ ಅವಳ ಕೈಯಲ್ಲಿತ್ತು. ಅದರ ಬಿಸಿ ಸ್ವಲ್ಪ ಹೆಚ್ಚಾದರೆ ಸದ್ದು ಕೇಳಿಯೇ ಹೇಳುತ್ತಿದ್ದಳು. ಮೂರು ವರ್ಷದಿಂದ ಗುತ್ತಿಗೆಯ ಮೇಲಿದ್ದ ಅವಳಿಗೆ ಹೋದ ವರ್ಷದ ದೀಪಾವಳಿಗೆ ಖಾಯಂ ಪತ್ರ ಕೊಡುವುದೆಂದು ಮಾಲೀಕರು ಹೇಳಿಯಾಗಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ನಾನು ಸಾರ್. ಅವಳಿಗೆ ಮಾತ್ರ ಗುರಣ್ಣ. ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡುತ್ತಿದ್ದೆವು. ಅವಳ ತಾಯಿ ಮಾಡುತ್ತಿದ್ದ ರಾಗಿರೊಟ್ಟಿಯಲ್ಲಿ ಒಂದು, ಹುಚ್ಚೆಳ್ಳು ಚಟ್ನಿಪುಡಿಯಲ್ಲಿ ಒಂದು ಪಾಲು ನನ್ನ ಡಬ್ಬಿಗೆ ಬರುತ್ತಿತ್ತು. ತಿಂಗಳಿಗೊಂದು ಪೊಟ್ಟಣ ಚಟ್ನಿಪುಡಿ ನನ್ನ ಹೆಂಡತಿ ಪದ್ಮಳಿಗೆಂದು ಬೇರೆ ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಮುಂದೆ ನಾನು ಮಾಡಿದ್ದರ ತೂಕ ನಿಮಗೆ ಸರಿಯಾಗಿ ಗೊತ್ತಾಗಬೇಕು.

ಹೋದ ವರ್ಷ ಆಯುಧಪೂಜೆಯ ಬೆಳಿಗ್ಗೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಬಾಳೆಕಂದು ಕಟ್ಟಿ, ಅರಿಶಿನ ಕುಂಕುಮ ಹಚ್ಚಿದೆವು. ಅವತ್ತು ಯಾವ ಆಯುಧವನ್ನೂ ದುಡಿಸಬಾರದು. ಮಾರನೆಯ ದಿನ ವಿಜಯದಶಮಿಗೆ ಮತ್ತೆ ಪೂಜೆ ಮಾಡಿಯೇ ಅವನ್ನು ಮುಟ್ಟಬೇಕು. ಬಾಯ್ಲರಿಗೆ ಆಯಿತು, ಫೋರ್ಕ್‌ಲಿಫ್ಟಿಗೆ ಆಯಿತು, ತೂಕದ ಯಂತ್ರಕ್ಕೆ ಆಯಿತು. ಕಂಟ್ರೋಲ್ ರೂಮಿಗೆ ಬಂದರೆ ಮೂಲೆಯಲ್ಲಿ ಆ ಕಪ್ಪು ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತ ಕೆಲಸ ಮಾಡುತ್ತಲೇ ಇದೆ. ವರ್ಷವಿಡೀ ಹಗಲೂ ರಾತ್ರಿ ನಿಂತ ಕಾವಲುಗಾರ. ಹಬ್ಬದ ದಿನವೂ ಬಿಡುವಿಲ್ಲ. ನನ್ನ ಕರುಳು ಚುರುಕ್ ಎಂದಿತು.

"ಇದೂ ಒಂದು ಆಯುಧವೇ ಅಲ್ವೇನಮ್ಮಾ," ಎಂದೆ.

"ಗುರಣ್ಣ, ಅದನ್ನ ಆಫ್ ಮಾಡ್ಬಾರ್ದು ಅಂತ ಇಮ್ರಾನ್ ಹೇಳಿದ್ರಲ್ಲ," ಎಂದಳು ನಾಗವೇಣಿ.

"ಮೆಷಿನ್ನುಗಳೇ ನಿಂತಿವೆ. ಯಾವನು ಬಂದು ಏನು ಮಾಡ್ತಾನೆ? ಶಾಸ್ತ್ರ ಅಂದ್ರೆ ಶಾಸ್ತ್ರ." ಹೀಗೆಂದು ಸ್ವಿಚ್ ಆರಿಸಿ, ಪೆಟ್ಟಿಗೆಗೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮವಿಟ್ಟು, ನೆತ್ತಿಗೊಂದು ಸೇವಂತಿಗೆ ಹೂ, ಪಾದಕ್ಕೊಂದು ನಿಂಬೆಹಣ್ಣು ಇಟ್ಟೆ. ನೋಡಲು ಬಹಳ ಪ್ರಸನ್ನವಾಗಿತ್ತು.

ಅಷ್ಟರಲ್ಲಿ ಮಾಲೀಕರ ಫೋನು. ಮಂಡಿ ಆಪರೇಷನ್ ಮಾಡಿಸಿಕೊಂಡು ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. "ಏಮಯ್ಯಾ ಗುರುರಾಜ, ಇಪ್ಪತ್ತು ವರ್ಷದಲ್ಲಿ ಒಂದು ಪೂಜೆ ತಪ್ಪಿಸಿಲ್ಲ ನಾನು. ಮೆಷಿನ್ ಮೇಲಿರೋ ಕ್ಯಾಮೆರಾದಲ್ಲಿ ನನಗೆ ತೋರಿಸಯ್ಯಾ. ಫೋನಲ್ಲೇ ನೋಡ್ತೀನಿ," ಎಂದರು. ದನಿ ಬಿದ್ದುಹೋಗಿತ್ತು. ಅವರಿಗೆ ಆಗುವುದಿಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಆದರೆ ಆ ಕ್ಯಾಮೆರಾದ ತಂತಿ ಯಂತ್ರಗಳ ಕಡೆಗಿತ್ತು. ಹೊರಗೆ ಹೋಗಲು ಇದ್ದ ಒಂದೇ ಬಾಗಿಲು ಕುಂಕುಮ ಹಚ್ಚಿಕೊಂಡು ಮಲಗಿತ್ತು. ಎಬ್ಬಿಸೋಣವೆಂದರೆ ಪೂಜೆಯಾಗಿಬಿಟ್ಟಿದೆ, ನಾಳೆಯವರೆಗೆ ಮುಟ್ಟುವಂತಿಲ್ಲ. ಹಾಗಾಗಿ ಆಫೀಸಿನ ಇಂಟರ್ನೆಟ್ ಡಬ್ಬಿಯಿಂದ ಕಂಟ್ರೋಲ್ ರೂಮಿನವರೆಗೆ ಒಂದು ನೀಲಿ ತಂತಿಯನ್ನು ನೇರವಾಗಿ ಎಳೆದು ಯಂತ್ರಗಳ ಜಾಲಕ್ಕೇ ಚುಚ್ಚಿದೆ. ನೆಲದ ಮೇಲೆ ಬಿಟ್ಟರೆ ಯಾರಾದರೂ ಎಡವುತ್ತಾರೆ. ಶ್ರೀನಿವಾಸಪುರದಿಂದ ಎರಡು ಮೂಟೆ ಮಾವಿನ ಸೊಪ್ಪು ಬಂದಿತ್ತು. ಆಫೀಸಿನ ಬಾಗಿಲಿಂದ ಕಂಟ್ರೋಲ್ ರೂಮಿನ ಬಾಗಿಲವರೆಗೆ ಉದ್ದಕ್ಕೂ ತೋರಣ ಕಟ್ಟಿ, ತಂತಿಯನ್ನು ಎಲೆಗಳ ಒಳಗೇ ಸುತ್ತಿಸಿ ತಂದೆ. ಹತ್ತಿರ ನಿಂತು ನೋಡಿದರೂ ಕಾಣದು. ನನ್ನ ಕೈಕೆಲಸಕ್ಕೆ ನಾನೇ ತಲೆದೂಗಿದೆ.

ಚಿತ್ರ ಮಾತ್ರ ಬರಲಿಲ್ಲ. ಕಂಪ್ಯೂಟರು ನನ್ನನ್ನು ಒಂದೊಂದೇ ಪ್ರಶ್ನೆ ಕೇಳತೊಡಗಿತು. ಹೊರಗಿನಿಂದ ಬರುವವರಿಗೆ ಅನುಮತಿ ಕೊಡಲೇ? ಕೊಡು. ಇದು ಅಪಾಯಕಾರಿ, ಆದರೂ ಮುಂದುವರಿಯಲೇ? ಮುಂದುವರಿ. ಎಲ್ಲರಿಗೂ ಅನ್ವಯಿಸಲೇ? ಅನ್ವಯಿಸು. ಹಬ್ಬದ ದಿನ ಬಾಗಿಲಿಗೆ ಬಂದವರನ್ನು ಇಲ್ಲ ಎಂದು ಕಳಿಸುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ. ಇಮ್ರಾನನನ್ನು ಒಂದು ಮಾತು ಕೇಳಬಹುದಿತ್ತು. ರಜೆಯ ದಿನ ಅವನಿಗೆ ಯಾಕೆ ತೊಂದರೆ ಎಂದು ಸುಮ್ಮನಾದೆ. ಕೊನೆಗೂ ಚಿತ್ರ ಬಂತು. ಮಾಲೀಕರು ಮಂಗಳಾರತಿ ನೋಡಿ ಫೋನಿನಲ್ಲೇ ಕೈ ಮುಗಿದು, "ಚಾಲಾ ಬಾಗುಂದಯ್ಯಾ, ಬಹಳ ಚೆನ್ನಾಗಿತ್ತು," ಎಂದು ಅತ್ತರು. ನನಗೂ ಕಣ್ಣು ತುಂಬಿತು. ಇದುವರೆಗೆ ಎಲ್ಲವೂ ಶುಭವೇ.

ವಿಜಯದಶಮಿಯ ಬೆಳಿಗ್ಗೆ ಯಂತ್ರಗಳನ್ನೆಲ್ಲ ಎಬ್ಬಿಸಿದೆ. ಕಪ್ಪು ಪೆಟ್ಟಿಗೆಯನ್ನೂ ಎಬ್ಬಿಸಿದೆ. ಹಸಿರು ದೀಪ ಬಂತು. ಬಾಳೆಕಂದು ತೆಗೆಸಿದೆ, ಹೂ ತೆಗೆಸಿದೆ. ತೋರಣವನ್ನು ಮಾತ್ರ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಅದು ತಾನಾಗಿ ಒಣಗಿ ಉದುರುವವರೆಗೆ ಇರಬೇಕು. ಮನೆಯಲ್ಲಾದರೂ ಅಷ್ಟೇ, ಕಾರ್ಖಾನೆಯಲ್ಲಾದರೂ ಅಷ್ಟೇ. ತೋರಣ ಉಳಿಯಿತು, ಅದರೊಳಗಿನ ನೀಲಿ ತಂತಿಯೂ ಉಳಿಯಿತು. ನಾನು ಅದನ್ನು ಸಂಪೂರ್ಣವಾಗಿ ಮರೆತೆ. ಕಾವಲುಗಾರ ಮುಂಬಾಗಿಲಲ್ಲಿ ಮೀಸೆ ತಿರುವುತ್ತ ನಿಂತಿದ್ದ. ಹಿತ್ತಿಲ ಬಾಗಿಲು ಹಾರುಹೊಡೆದಿತ್ತು.

ಅವತ್ತು ಮಧ್ಯಾಹ್ನ ನಾಗವೇಣಿ ಮತ್ತು ನಾನು ಎಂದಿನಂತೆ ಬೆಂಚಿನ ಮೇಲೆ ಊಟಕ್ಕೆ ಕೂತೆವು. "ಚಟ್ನಿಪುಡಿಗೆ ಖಾರ ಜಾಸ್ತಿಯಾಗಿದೆ ಕಣಮ್ಮ," ಎಂದು ನಾನು ಹೇಳಿದ್ದು, "ಅಮ್ಮಂಗೆ ಹೇಳ್ತೀನಿ ಗುರಣ್ಣ, ಮುಂದಿನ ಸಲ ಕಮ್ಮಿ ಹಾಕ್ತಾರೆ," ಎಂದು ಅವಳು ನಕ್ಕಿದ್ದು ಚೆನ್ನಾಗಿ ನೆನಪಿದೆ. ಊಟ ಮುಗಿಸಿ ಒಳಗೆ ಹೋದವಳು ಎರಡೇ ನಿಮಿಷಕ್ಕೆ ಓಡಿಬಂದಳು.

"ಗುರಣ್ಣ, ಬಿಸಿ ಇಪ್ಪತ್ತು ಡಿಗ್ರಿ ಕಮ್ಮಿ ಇಟ್ಟೈತೆ. ನಾನ್ ಇಟ್ಟಿಲ್ಲ. ಅಲಾರಾಮೂ ಬಂದಿಲ್ಲ. ಈಗ ಸರಿ ಮಾಡ್ದೆ. ರಿಜಿಸ್ಟ್ರಲ್ಲಿ ಬರೀಲಾ? ಊಟದ ಹೊತ್ತಲ್ಲಿ ತುಂಬಿದ ಡ್ರಮ್ ಬೇರೆ ಇಡಿಸ್ಲಾ?"

ಇಲ್ಲಿ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕೈ ಹೊಸೆದುಕೊಳ್ಳುತ್ತೇನೆ. ವಿಜಯದಶಮಿಗೆ ನಾವು ಹೊಸ ರಿಜಿಸ್ಟರ್ ಶುರು ಮಾಡುತ್ತೇವೆ. ಮೊದಲ ಪುಟದಲ್ಲಿ ಶ್ರೀಕಾರ ಬರೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಆಗ ತಾನೇ ಇಟ್ಟಿದ್ದೆ. ಆ ಪುಟದ ಮೊದಲ ಸಾಲಿನಲ್ಲೇ ದೋಷ ಎಂದು ಬರೆಯುವುದೇ? ವರ್ಷವಿಡೀ ಅದೇ ಆಗುತ್ತದೆ.

"ಬೇಡಮ್ಮ. ಮೊದಲನೇ ಪುಟದಲ್ಲಿ ಅಶುಭ ಬರೀಬಾರ್ದು. ಒಂದು ದಿನ ರೆಸ್ಟ್ ತಗೊಂಡಿದೆ, ಮೆಷಿನ್ ಇನ್ನೂ ನಿದ್ದೆಗಣ್ಣಲ್ಲಿದೆ. ಸರಿ ಆಯ್ತಲ್ಲ, ಬಿಡು."

"ಬಿಡೋದಾ?" ಎಂದಳು ಅನುಮಾನದಿಂದ.

"ಬಿಡು. ನಾನಿದ್ದೀನಿ," ಎಂದೆ. ಅವಳು ಬಿಟ್ಟಳು. ನಾನಿದ್ದೇನೆ ಎಂಬ ಮಾತನ್ನು ಅವಳು ನಂಬಿದ್ದಳು.

ಒಂದು ವಾರವಾಯಿತು. ಗೋದಾಮಿನಲ್ಲಿ ಕೆಲವು ಡ್ರಮ್ಮುಗಳ ಮುಚ್ಚಳ ಉಬ್ಬಿವೆ ಎಂದು ಕಾವಲಿನವನು ಬಂದು ಹೇಳಿದ. ನಾನು ಬಿಳಿ ಶರಟು ತೊಟ್ಟು, ಕೈಯಲ್ಲಿ ಪೆನ್ನು ಹಿಡಿದು ತಪಾಸಣೆಗೆ ಹೋದೆ. ಆರೋ ಏಳೋ ಡ್ರಮ್ಮುಗಳು ಹೊಟ್ಟೆ ಮುಂದೆ ಮಾಡಿ ನಿಂತಿದ್ದವು. ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಒಂದರ ಮುಚ್ಚಳ ತಟ್ಟಿದೆ. ಸದ್ದು ಸರಿಯಾಗಿ ಕೇಳಿಸಲಿಲ್ಲ. ಕಿವಿ ಹತ್ತಿರ ತಂದು ಕೊಕ್ಕೆ ಸಡಿಲಿಸಿ ಮತ್ತೊಮ್ಮೆ ತಟ್ಟಿದೆ.

ಡಬ್ ಎಂಬ ಶಬ್ದ ಮಾತ್ರ ನನಗೆ ಗೊತ್ತು. ಆಮೇಲೆ ಗೋದಾಮು ಕೆಂಪಗಾಯಿತು. ತಲೆ, ಕಣ್ಣು, ಮೂಗು, ಕೈಯಲ್ಲಿದ್ದ ಪೆನ್ನು, ಎಲ್ಲವೂ ಹುಳಿತ ಟೊಮೆಟೊ. ಬಾಗಿಲಲ್ಲಿದ್ದ ಕಾವಲಿನವನು ನನ್ನನ್ನು ನೋಡಿ, "ಅಯ್ಯಯ್ಯೋ, ಸಾರ್ ತಲೆ ಹೋಯ್ತು," ಎಂದು ಕೂಗಿಕೊಂಡು ಓಡಿದ. ನಾಗವೇಣಿ ನೀರಿನ ಪೈಪು ಎಳೆದು ತಂದು ನನ್ನನ್ನು ತೊಳೆದಳು. ತೊಳೆಯುತ್ತ ನಗುತ್ತಿದ್ದಳು. ತಲೆ ಹಾಗೇ ಇರುವುದು ನನಗೂ ಆಗಲೇ ಖಾತ್ರಿಯಾಯಿತು. ಅದರೊಳಗೆ ಏನೂ ಇಲ್ಲ ಎಂಬುದು ಮಾರನೆಯ ದಿನ ಖಾತ್ರಿಯಾಯಿತು.

ಮಾರನೆಯ ದಿನ ಮಾಲೀಕರು ಕೋಲೂರಿಕೊಂಡು ಬಂದರು. ಉಬ್ಬಿದ ಡ್ರಮ್ಮುಗಳೆಲ್ಲ ವಿಜಯದಶಮಿಯ ಮಧ್ಯಾಹ್ನ ತುಂಬಿದಂಥವು. ಬಿಸಿ ಸಾಲದೆ ಕ್ರಿಮಿ ಉಳಿದು ತಿರುಳು ಒಳಗೇ ಹುಳಿತಿತ್ತು. ಕಂಪ್ಯೂಟರಿನ ದಾಖಲೆಯಲ್ಲಿ ಊಟದ ಹೊತ್ತಿಗೆ ಬಿಸಿ ಇಳಿಸಿದವರ ಹೆಸರು ನಾಗವೇಣಿ. ಅಲಾರಾಮು ನಿಲ್ಲಿಸಿದವರ ಹೆಸರು ನಾಗವೇಣಿ. ಆಮೇಲೆ ಸರಿ ಮಾಡಿದವರ ಹೆಸರೂ ನಾಗವೇಣಿ. ರಿಜಿಸ್ಟರಿನ ಆ ದಿನದ ಪುಟದಲ್ಲಿ ಶ್ರೀಕಾರ ಬಿಟ್ಟು ಏನೂ ಇಲ್ಲ. ತಪ್ಪು ಮಾಡಿ, ಗುಟ್ಟಾಗಿ ತಿದ್ದಿ, ಬರೆಯದೆ ಮುಚ್ಚಿಟ್ಟಿದ್ದಾಳೆ ಎಂದು ಯಾರಿಗಾದರೂ ಅನ್ನಿಸಬೇಕು.

ಅವಳ ಪಾಸ್‌ವರ್ಡ್ ಅವಳ ಹೆಸರು, ಮುಂದೆ ಒಂದು ಎರಡು ಮೂರು. ಅದನ್ನು ಇಟ್ಟುಕೊಟ್ಟವನು ನಾನೇ. ನೆನಪಿಟ್ಟುಕೊಳ್ಳಲು ಸುಲಭ ಎಂದು.

"ನಾನ್ ಊಟಕ್ಕೆ ಕೂತಿದ್ದೆ ಸಾರ್, ಗುರಣ್ಣನ ಜೊತೆ. ಬಂದು ನೋಡಿ ಅವರಿಗೇ ಹೇಳ್ದೆ. ಬರೀಬೇಡ ಅಂದ್ರು," ಎಂದಳು ನಾಗವೇಣಿ.

ಮಾಲೀಕರು ನನ್ನ ಕಡೆ ತಿರುಗಿದರು. "ನಿಜವಾ ಗುರುರಾಜ? ಈಯಮ್ಮ ಊಟದಲ್ಲಿದ್ರೆ ಬಿಸಿ ಇಳಿಸಿದೋರು ಯಾರು? ಹೊರಗಿಂದ ಯಾರಾದ್ರೂ ಬಂದ್ರಾ?"

ಹೊರಗಿಂದ ಎಂಬ ಮಾತು ಕೇಳಿದ ಕೂಡಲೇ ನನ್ನ ಕಣ್ಣು ಕಿಟಕಿಯಾಚೆಗೆ ಹೋಯಿತು. ಅಲ್ಲಿ ಅರ್ಧ ಒಣಗಿದ ತೋರಣ ತೂಗುತ್ತಿತ್ತು. ಅದರೊಳಗೆ ಏನಿದೆ ಎಂಬುದು ಒಂದೇ ಕ್ಷಣದಲ್ಲಿ ನೆನಪಾಯಿತು. ಅವಳು ಊಟದಲ್ಲಿದ್ದಳು ಎಂದರೆ, ಮತ್ತೆ ಯಾರು ಎಂದು ಕೇಳುತ್ತಾರೆ. ಯಾರು ಎಂದರೆ, ಹೇಗೆ ಬಂದರು ಎಂದು ಕೇಳುತ್ತಾರೆ. ಹೇಗೆ ಎಂದರೆ, ಮಾವಿನೆಲೆ ಸರಿಸಿ ತೋರಿಸಬೇಕಾಗುತ್ತದೆ. ಇಷ್ಟನ್ನು ನಾನು ಎಂದೂ ಇಲ್ಲದ ವೇಗದಲ್ಲಿ ಲೆಕ್ಕ ಹಾಕಿದೆ.

"ಜ್ಞಾಪಕ ಇಲ್ಲ ಸಾರ್," ಎಂದೆ.

ನಾಗವೇಣಿ ನನ್ನನ್ನೇ ನೋಡಿದಳು. "ಚಟ್ನಿಪುಡಿ ಖಾರ ಅಂದ್ರಲ್ಲ ಗುರಣ್ಣ," ಎಂದಳು. ನಿಜವಾಗಿಯೂ ನಾನು ಮರೆತಿದ್ದೇನೆ, ನೆನಪು ಮಾಡಿಕೊಟ್ಟರೆ ಸಾಕು ಎಂದು ಅವಳು ತಿಳಿದಿದ್ದಳು.

"ದಿನಾ ಊಟ ಮಾಡ್ತೀವಮ್ಮ. ಯಾವ ದಿನ ಏನು ತಿಂದ್ವಿ ಅಂತ ಯಾರಿಗೆ ಜ್ಞಾಪಕ ಇರುತ್ತೆ," ಎಂದೆ ನಾನು.

ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಅವಳನ್ನು ಮನೆಗೆ ಕಳಿಸಿದರು. ಖಾಯಂ ಪತ್ರದ ಮಾತು ನಿಂತಿತು. ವಿಚಾರಣಾ ವರದಿ ಬರೆಯುವ ಕೆಲಸ ಯಾರಿಗೆ ಬಂತು ಎಂದು ಹೇಳಬೇಕಾಗಿಲ್ಲ. "ಸದರಿ ದಿನಾಂಕದಂದು ಸದರಿ ಸಿಬ್ಬಂದಿಯವರ ಹೆಸರಿನಲ್ಲಿಯೇ ಸದರಿ ಬದಲಾವಣೆಯು ದಾಖಲಾಗಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ," ಎಂದು ಬರೆದೆ. ಒಂದು ವಾಕ್ಯದಲ್ಲಿ ಮೂರು ಸದರಿ. ಬಿಡಿಬಿಡಿಯಾಗಿ ನೋಡಿದರೆ ನಾನು ಬರೆದ ಪ್ರತಿ ವಾಕ್ಯವೂ ನಿಜ. ಒಟ್ಟಿಗೆ ಓದಿದರೆ ಅಪ್ಪಟ ಸುಳ್ಳು. ತೋರಣವನ್ನು ಗುಟ್ಟಾಗಿ ಬಿಚ್ಚಿ ತಂತಿ ತೆಗೆದುಬಿಡೋಣ ಎಂದು ಎರಡು ಸಲ ಸ್ಟೂಲು ಹತ್ತಿದೆ. ಎರಡು ಸಲವೂ ಯಾರೋ ಬಂದು, "ಸಾರ್, ತೋರಣ ಈಗಲೇ ತೆಗೀತಾರಾ?" ಎಂದು ಕೇಳಿದರು. "ಛೆ, ಛೆ, ತೆಗೀಬಾರ್ದು," ಎಂದು ನಾನೇ ಶಾಸ್ತ್ರ ಹೇಳಿ ಇಳಿದೆ.

ಮೂರನೆಯ ದಿನ ಸಂಜೆ ಪದ್ಮ ಅಡುಗೆಮನೆಯಿಂದ ಖಾಲಿ ಡಬ್ಬಿ ಹಿಡಿದು ಬಂದಳು.

"ಏನ್ರೀ, ನಾಗವೇಣಿ ಈ ತಿಂಗಳು ಚಟ್ನಿಪುಡಿ ಕಳಿಸ್ಲೇ ಇಲ್ಲ?"

ನಾನು ಬೇರೆ ಏನಾದರೂ ಹೇಳಬಹುದಿತ್ತು. ಆದರೆ ಅವಳು ಆ ಖಾಲಿ ಡಬ್ಬಿಯನ್ನು ನನ್ನ ಮುಂದೆಯೇ ಇಟ್ಟಳು. ನಿಂಬೆಹಣ್ಣಿನಿಂದ ಹಿಡಿದು ವರದಿಯವರೆಗೆ ಎಲ್ಲ ಹೇಳಿದೆ. ಪದ್ಮ ನಡುವೆ ಬಾಯಿ ಹಾಕಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನಡುವೆ ಬಾಯಿ ಹಾಕದೆ ಕೇಳಿದ್ದು ಅದೊಂದೇ ಸಲ.

"ಅವಳ ಡಬ್ಬಿಯಿಂದ ರೊಟ್ಟಿ ತಿಂದು, ಅವಳ ಎದುರಿಗೇ ಜ್ಞಾಪಕ ಇಲ್ಲ ಅಂದ್ರಾ?" ಎಂದಳು ಕೊನೆಗೆ.

"ಭಯ ಆಯ್ತು ಕಣೇ."

"ಅವಳಿಗೆ ಆಗಿಲ್ವಾ? ನಾಳೆ ಹೋಗಿ ಹೇಳ್ಬಿಡಿ. ಹೇಳೋವರೆಗೂ ಈ ಮನೆಯಲ್ಲಿ ದೇವರಿಗೆ ದೀಪ ನಾನೇ ಹಚ್ತೀನಿ. ನೀವು ಗಂಟೆ ಮುಟ್ಬೇಡಿ."

ಪೌರೋಹಿತ್ಯದ ಮನೆತನದಲ್ಲಿ ಹುಟ್ಟಿದವನಿಗೆ ಮನೆಯ ಗಂಟೆಯೇ ನಿಷಿದ್ಧವಾಯಿತು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕೂತು ತಪ್ಪೊಪ್ಪಿಗೆಯ ಭಾಷಣ ತಯಾರಿಸಿದೆ. ಬಹಳ ಚೆನ್ನಾಗಿ ಬಂತು. "ಮಾನ್ಯರೇ, ನಿರಪರಾಧಿಯೊಬ್ಬಳ ಕಣ್ಣೀರಿಗೆ ಕಾರಣನಾದವನು ನಿಮ್ಮ ಮುಂದೆ ನಿಂತಿದ್ದಾನೆ" ಎಂದು ಆರಂಭ. ನಡುವೆ ಒಂದು ಕಡೆ ದನಿ ನಡುಗಬೇಕು ಎಂದೂ ಗುರುತು ಹಾಕಿಕೊಂಡೆ. ಕೈಯಲ್ಲಿ ರಾಜೀನಾಮೆ ಪತ್ರ. ಗೇಟಿನಲ್ಲಿ ಇಳಿದು ಬಿರಬಿರನೆ ಒಳಗೆ ನಡೆದೆ.

ಒಳಗೆ ಇಮ್ರಾನ್ ಸ್ಟೂಲಿನ ಮೇಲೆ ನಿಂತಿದ್ದ. ನಾಗವೇಣಿಯ ಹೆಸರನ್ನು ಕಂಪ್ಯೂಟರಿನಿಂದ ತೆಗೆಸಲು ಮಾಲೀಕರು ಅವನನ್ನು ಕರೆಸಿದ್ದರು. ತೆಗೆಯುವ ಮೊದಲು ಅವನು ದಾಖಲೆ ನೋಡಿದ್ದ. ಅವಳ ಹೆಸರಿನಲ್ಲಿ ಬಿಸಿ ಇಳಿಸಿದವರು ಕಂಟ್ರೋಲ್ ರೂಮಿನಿಂದ ಬಂದಿರಲಿಲ್ಲ, ಇಂಟರ್ನೆಟ್ಟಿನಿಂದ ಬಂದಿದ್ದರು. ಫೈರ್‌ವಾಲ್ ದಾಟದೆ ಹೇಗೆ ಬಂದರೆಂದು ತಂತಿ ಹಿಡಿದು ಹುಡುಕುತ್ತ ತೋರಣದ ಬುಡಕ್ಕೆ ಬಂದಿದ್ದ. ನಾನು ಬಾಗಿಲಲ್ಲಿ ಕಾಲಿಡುವುದಕ್ಕೂ ಅವನು ತೋರಣವನ್ನು ಜಗ್ಗುವುದಕ್ಕೂ ಸರಿಹೋಯಿತು. ಒಣಗಿದ ಎಲೆಗಳು ಪರಪರ ಉದುರಿ ನನ್ನ ತಲೆಯ ಮೇಲೇ ಬಿದ್ದವು. ನೀಲಿ ತಂತಿ ಬೆತ್ತಲೆಯಾಗಿ ತೂಗಿತು.

"ಇದೇನ್ ಸಾರ್?" ಎಂದ ಇಮ್ರಾನ್.

"ಅದನ್ನೇ ಹೇಳೋಕೆ ಬಂದೆ," ಎಂದೆ.

ಕುರ್ಚಿಯಲ್ಲಿ ಕೂತಿದ್ದ ಮಾಲೀಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸಿಕ್ಕಿಬಿದ್ದ ಮೇಲೆ ಎಲ್ಲರೂ ಅದನ್ನೇ ಹೇಳೋಕೆ ಬಂದಿರ್ತಾರಯ್ಯ."

ನನ್ನ ಭಾಷಣ, ನಡುಗಬೇಕಿದ್ದ ದನಿ, ಎಲ್ಲ ಜೇಬಿನಲ್ಲೇ ಉಳಿಯಿತು. ನನ್ನ ಪ್ರಾಮಾಣಿಕತೆ ಎರಡು ನಿಮಿಷ ತಡವಾಗಿ ಬಂದಿತ್ತು. ಇಮ್ರಾನ್ ತಂತಿ ಕಿತ್ತು ಸುರುಳಿ ಸುತ್ತಿದ. "ಬಂದೋನು ಯಾರೋ ಎಲ್ಲಿಯವನೋ ಸಾರ್. ಬಾಗ್ಲು ತೆಗೆದಿತ್ತು, ಸುಲಭದ ಪಾಸ್‌ವರ್ಡ್ ಇತ್ತು, ಎರಡು ನಂಬರ್ ತಿರುಗಿಸಿ ಹೋಗಿದ್ದಾನೆ. ಇದು ಟೊಮೆಟೊ ಅಂತಾನೂ ಅವನಿಗೆ ಗೊತ್ತಿರಲ್ಲ," ಎಂದ. ಅಂಥವನಿಗೆ ನಾಗವೇಣಿ ಗೊತ್ತಿರಲಿಲ್ಲ. ಅವಳ ರೊಟ್ಟಿ ತಿಂದಿರಲಿಲ್ಲ. ಗೊತ್ತಿದ್ದವನು, ತಿಂದವನು ನಾನು.

ರಾಜೀನಾಮೆ ಪತ್ರ ಮುಂದೆ ಚಾಚಿದೆ. ಮಾಲೀಕರು ತೆಗೆದುಕೊಳ್ಳಲಿಲ್ಲ. "ಮೊದಲು ಹೋಗಿ ಆಯಮ್ಮನ್ನ ಕರ್ಕೊಂಡ್ ಬಾ. ನಿನ್ನ ವಿಷಯ ಆಮೇಲೆ," ಎಂದರು.

ಸುಗಟೂರಿಗೆ ಹೋದಾಗ ನಾಗವೇಣಿ ಮನೆಯ ಮುಂದೆ ಕೂತು ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಅವಳ ತಾಯಿ ಏನೂ ತಿಳಿಯದವರಂತೆ ನನಗೆ ಚಾಪೆ ಹಾಕಿ, ಮಜ್ಜಿಗೆ ತಂದು ಕೊಟ್ಟರು. ಬೈದಿದ್ದರೆ ಹಿತವಾಗಿರುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ, ಈ ಸಲ ಭಾಷಣವಿಲ್ಲದೆ. ಅವಳು ಸೊಪ್ಪು ಹೆಚ್ಚುವುದನ್ನು ನಿಲ್ಲಿಸದೆ ಕೇಳಿದಳು.

"ಮಾಲೂರಲ್ಲಿ ಒಂದ್ ಕಡೆ ಕೆಲಸ ಕೇಳೋಕೆ ಹೋಗಿದ್ದೆ," ಎಂದಳು. "ಹಿಂದಿನ ಕೆಲಸ ಯಾಕೆ ಬಿಟ್ಟೆ ಅಂದ್ರು. ಏನಂತ ಹೇಳೋದು? ಎದ್ದು ಬಂದೆ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ಒಂದ್ ಮಾತು ಕೇಳ್ತೀನಿ. ಆವತ್ತು ಜ್ಞಾಪಕ ಇಲ್ಲ ಅಂದಾಗ ನಿಮಗೆ ಜ್ಞಾಪಕ ಇತ್ತಾ?"

"ಇತ್ತಮ್ಮ."

ಅವಳು ಕೈಯಲ್ಲಿದ್ದ ಸೊಪ್ಪು ಮೊರಕ್ಕೆ ಹಾಕಿ ಎದ್ದಳು. "ಸರಿ. ಸೋಮವಾರದಿಂದ ಬರ್ತೀನಿ ಸಾರ್," ಎಂದಳು.

ಅವಳು ನನ್ನನ್ನು ಸಾರ್ ಎಂದು ಕರೆದದ್ದು ಅದೇ ಮೊದಲು. ಬಸ್ಸಿನಲ್ಲಿ ವಾಪಸ್ ಬರುವಾಗ ಉದ್ದಕ್ಕೂ ಅದೊಂದೇ ಕಿವಿಯಲ್ಲಿತ್ತು. ಕಾರ್ಖಾನೆಯ ನೂರು ಜನ ದಿನವೂ ನನ್ನನ್ನು ಹಾಗೆ ಕರೆಯುತ್ತಾರೆ. ಅದು ಇಷ್ಟು ನೋಯುವ ಮಾತೆಂದು ನನಗೆ ಗೊತ್ತಿರಲಿಲ್ಲ.

ದೀಪಾವಳಿಗೆ ಅವಳಿಗೆ ಖಾಯಂ ಪತ್ರ ಸಿಕ್ಕಿತು. ಕಂಟ್ರೋಲ್ ರೂಮಿನ ಜವಾಬ್ದಾರಿಯೂ ಅವಳದೇ ಆಯಿತು. ನನ್ನನ್ನು ತೆಗೆಯಲಿಲ್ಲ. ಕಂಟ್ರೋಲ್ ರೂಮಿನ ಬೀಗದ ಕೈ ಮಾತ್ರ ನನ್ನಿಂದ ತೆಗೆದರು. ಹೊಸದಾಗಿ ಸೇರುವವರಿಗೆ ಇಮ್ರಾನ್ ಪಾಠ ಮಾಡುವಾಗ ಒಂದು ಫೋಟೋ ತೋರಿಸುತ್ತಾನೆ: ಸೇವಂತಿಗೆ ಮುಡಿದು, ನಿಂಬೆಹಣ್ಣಿನ ಪಕ್ಕ ಕಣ್ಣು ಮುಚ್ಚಿ ಮಲಗಿದ ಫೈರ್‌ವಾಲ್. ಅದನ್ನು ಅವತ್ತು ಹೆಮ್ಮೆಯಿಂದ ತೆಗೆದು ವಾಟ್ಸಾಪಿನಲ್ಲಿ ಹಾಕಿದವನು ನಾನೇ. ನಾಗವೇಣಿ ಈಗ ಹೆಂಗಸರ ಜೊತೆ ಆ ಕಡೆ ಕೂತು ಊಟ ಮಾಡುತ್ತಾಳೆ. ಎದುರು ಸಿಕ್ಕರೆ ಮಾತಾಡಿಸುತ್ತಾಳೆ. ಜಗಳವೇನೂ ಇಲ್ಲ. ನಮ್ಮ ಮನೆಯ ಚಟ್ನಿಪುಡಿ ಡಬ್ಬಿಯಲ್ಲಿ ಪದ್ಮ ಈಗ ಸಾಸಿವೆ ಹಾಕಿಟ್ಟಿದ್ದಾಳೆ.

ಈ ಸಲದ ಆಯುಧಪೂಜೆಗೆ ನಾನೇ ಗಂಟೆ ಬಾರಿಸಿದೆ. ಬಾಯ್ಲರ್, ಫೋರ್ಕ್‌ಲಿಫ್ಟ್ ಮುಗಿಸಿ ತಟ್ಟೆ ಹಿಡಿದು ಕಂಟ್ರೋಲ್ ರೂಮಿನ ಬಾಗಿಲಿಗೆ ಬಂದೆ. ಮೂಲೆಯಲ್ಲಿ ಹಸಿರು ದೀಪ ಮಿಟುಕುತ್ತಿತ್ತು.

"ಅದನ್ನ ಮುಟ್ಬೇಡಿ ಸಾರ್," ಎಂದಳು ನಾಗವೇಣಿ.

"ಬರೀ ಕುಂಕುಮ ಅಮ್ಮ."

"ಕುಂಕುಮಾನೂ ಬೇಡ. ತಟ್ಟೆ ಹಿಡ್ಕೊಂಡು ಅಲ್ಲೇ ನಿಂತ್ಕೊಳ್ಳಿ."

ಹಿಂದಿನಿಂದ ಮಾಲೀಕರು, "ನಾಗವೇಣಮ್ಮ, ಆ ಕುಂಕುಮ ಗುರುರಾಜನ ಹಣೆಗೇ ಇಡು. ಇವತ್ತು ಕೆಲಸ ಮಾಡಿಸದೆ ಸುಮ್ಮನೆ ಇಡಬೇಕಾದ್ದು ಅದೊಂದೇ ಆಯುಧ," ಎಂದರು. ಎಲ್ಲರೂ ನಕ್ಕರು. ನಾಗವೇಣಿಯೂ ನಕ್ಕಳು. ನನ್ನನ್ನು ಪೈಪಿನಲ್ಲಿ ತೊಳೆದ ದಿನ ನಕ್ಕಿದ್ದಳಲ್ಲ, ಹಾಗೆಯೇ. ಒಂದು ವರ್ಷದಿಂದ ನಾನು ಆ ನಗುವಿಗೆ ಕಾದಿದ್ದೆ. ಈಗ ಗುರಣ್ಣ ಎನ್ನುತ್ತಾಳೆ ಎಂದು ಕಿವಿ ನೆಟ್ಟಗೆ ಮಾಡಿ ನಿಂತೆ.

"ಕಡ್ಲೆಪುರಿ ತಗೊಳ್ಳಿ ಸಾರ್," ಎಂದಳು.

ತೆಗೆದುಕೊಂಡೆ. ಮನೆಗೆ ಬಂದಾಗ ಪದ್ಮ ಬಾಗಿಲಲ್ಲೇ ಕೇಳಿದಳು, "ಪೂಜೆ ಹೇಗಾಯ್ತು?"

"ಬಹಳ ಚೆನ್ನಾಗಾಯ್ತು. ಏನೂ ತೊಂದರೆ ಆಗ್ಲಿಲ್ಲ," ಎಂದೆ. "ಈ ಸಲ ನನ್ನನ್ನ ಯಾವುದನ್ನೂ ಮುಟ್ಟೋಕೆ ಬಿಡ್ಲಿಲ್ಲ."

"ಅದಕ್ಕೇ ಚೆನ್ನಾಗಾಗಿದೆ," ಎಂದು ಅವಳು ನನ್ನ ಕೈಯಿಂದ ಕಡ್ಲೆಪುರಿ ತೆಗೆದುಕೊಂಡು ಒಳಗೆ ಹೋದಳು.